ಕಂಪ್ಯೂಟರ್ ಓನರುಗಳಿಗೆ ಬಾಡಿಗೆದಾರನ ಬಹಿರಂಗ ಪತ್ರ

ಇವರಿಗೆ,
ಜಗತ್ತಿನ ಸಮಸ್ತ ಕಂಪ್ಯೂಟರ್ ಓನರುಗಳು,
ತಮ್ಮ ಡೇಟಾ ಸೆಂಟರುಗಳು ಎಲ್ಲೆಲ್ಲಿ ಇವೆಯೋ ಅಲ್ಲಲ್ಲಿ.

ವಿಷಯ: ಬಾಡಿಗೆ ಏರಿಸಿದ್ದಕ್ಕಾಗಿ ಕೃತಜ್ಞತೆ ಸಲ್ಲಿಸುವ ಬಗ್ಗೆ.
ಉಲ್ಲೇಖ: 'ನೋ ರಿಪ್ಲೈ' ವಿಳಾಸದಿಂದ ಬಂದ ತಮ್ಮ ಇಮೇಲ್.

ಮಾನ್ಯರೇ,

ತಮ್ಮ ಇಮೇಲ್ ಕೈಸೇರಿತು. ಉತ್ತರ ಬರೆಯೋಣವೆಂದರೆ, ಈ ವಿಳಾಸಕ್ಕೆ ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ತಾವೇ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದೀರಿ. ಫೋನ್ ಮಾಡಿದರೆ ಯಂತ್ರ ಮಾತಾಡುತ್ತದೆ. ಟಿಕೆಟ್ ಹಾಕಿದರೆ ಉತ್ತರದ ಬದಲು ಇನ್ನೊಂದು ಟಿಕೆಟ್ ನಂಬರ್ ಬರುತ್ತದೆ. ಹಾಗಾಗಿ ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಕಂಪನಿಯ ಓನರು ತಮ್ಮಲ್ಲಿ ಯಾರು ಎಂಬುದನ್ನು ಮಾತ್ರ ಹೇಳಲಾರೆ. ಮಾರ್ಚಿನಲ್ಲಿ ಕರಾರು ನವೀಕರಣವಿದೆ.

ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುವವನು. ಇಆರ್‌ಪಿ ನಿಂತರೂ ನನ್ನನ್ನೇ ಕರೆಯುತ್ತಾರೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ. ಮೊದಲು ನಮಗೆ ಸ್ವಂತ ಸರ್ವರುಗಳಿದ್ದವು. ಸ್ಟೋರ್ ಪಕ್ಕದ ಚಿಕ್ಕ ಕೋಣೆ, ಹಗಲು ರಾತ್ರಿ ಓಡುವ ಏಸಿ, ಬೇಕಾದಾಗಲೇ ಕೈಕೊಡುವ ಯುಪಿಎಸ್ ಬ್ಯಾಟರಿ. ಆಯುಧ ಪೂಜೆಯ ದಿನ ಲೇತ್‌ಗಳ ಜೊತೆಗೆ ಅವಕ್ಕೂ ಅರಿಶಿನ, ಕುಂಕುಮ, ಒಂದು ಮೊಳ ಚೆಂಡು ಹೂವು ಸಲ್ಲುತ್ತಿತ್ತು. ಎಲ್ಲವೂ ಕ್ಲೌಡ್‌ಗೆ ಹೋದ ವರ್ಷ, ಈ ಸಲ ಪೂಜೆ ಯಾವುದಕ್ಕೆ ಮಾಡುವುದು ಎಂದು ಅಕೌಂಟ್ಸ್‌ನವರು ಕೇಳಿದರು. ರೂಟರಿಗೆ ಮಾಡಿದೆವು.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದು ಬಂದವರಿಗೆ ತಮ್ಮ ವ್ಯವಹಾರ ಅರ್ಥವಾಗಲು ಎಂಬಿಎ ಬೇಕಿಲ್ಲ. ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು, ವರ್ಷ ತುಂಬಿದ ಕೂಡಲೇ ಏರಿಕೆ, ನೀರಿಗೆ ಬೇರೆ, ಮೇಂಟೆನೆನ್ಸ್‌ಗೆ ಬೇರೆ, ಖಾಲಿ ಮಾಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು. ಈ ಊರಿನ ಓನರುಗಳು ತಲೆಮಾರುಗಳಿಂದ ರೂಢಿಸಿಕೊಂಡ ವಿದ್ಯೆಯನ್ನು ತಾವು ಇಪ್ಪತ್ತೇ ವರ್ಷದಲ್ಲಿ ಜಗತ್ತಿಗೆಲ್ಲ ಹರಡಿದಿರಿ. ಒಂದೇ ವ್ಯತ್ಯಾಸ. ಮನೆ ಓನರು ಮೇಲಿನ ಮಹಡಿಯಲ್ಲೇ ಇರುತ್ತಾರೆ, ನಲ್ಲಿಯಲ್ಲಿ ನೀರು ಬರದಿದ್ದರೆ ಹೋಗಿ ಬಾಗಿಲು ಬಡಿಯಬಹುದು.

ಎಲ್ಲವನ್ನೂ ವ್ಯಂಗ್ಯವೆಂದು ತಿಳಿಯಬೇಡಿ, ಕೆಲವು ಕಡೆ ನಿಜವಾಗಿಯೇ ಹೊಗಳುತ್ತಿದ್ದೇನೆ. ಒಂದು ಕಂಪ್ಯೂಟರನ್ನು ಹಲವು ಕಂಪ್ಯೂಟರುಗಳೆಂದು ನಂಬಿಸುವ ವಿದ್ಯೆ ಹಳೆಯದು. ಐಬಿಎಂ 1972ರಲ್ಲೇ ತನ್ನ ಮೇನ್‌ಫ್ರೇಮ್‌ಗಳಿಗೆ ವಿಎಂ/370 ಬಿಡುಗಡೆ ಮಾಡಿತ್ತು. ಆದರೆ ನಮ್ಮಂಥವರ ಕೈಗೆಟಕುವ ಇಂಟೆಲ್ ಪ್ರೊಸೆಸರಿನ ರಚನೆ ಈ ವಿದ್ಯೆಗೆ ಒಗ್ಗುತ್ತಿರಲಿಲ್ಲ. 1998ರಲ್ಲಿ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಂ ಮತ್ತು ಇನ್ನು ಮೂವರು ಸೇರಿ ಕ್ಯಾಲಿಫೋರ್ನಿಯಾದಲ್ಲಿ ವಿಎಂವೇರ್ ಕಟ್ಟಿ, ಅದನ್ನೂ ಒಗ್ಗಿಸಿ ತೋರಿಸಿದರು. ಅಲ್ಲಿಯವರೆಗೆ ಮೇಲ್‌ಗೆ ಒಂದು ಪೆಟ್ಟಿಗೆ, ಟ್ಯಾಲಿಗೆ ಒಂದು ಪೆಟ್ಟಿಗೆ, ಹಾಜರಾತಿಗೆ ಇನ್ನೊಂದು. ಒಂದೊಂದೂ ದಿನದ ಬಹುಪಾಲು ಸುಮ್ಮನೆ ಕೂತು ಕರೆಂಟು ತಿನ್ನುತ್ತಿತ್ತು. ಮೂರನ್ನೂ ಒಂದೇ ಪೆಟ್ಟಿಗೆಗೆ ಇಳಿಸಿದ್ದು ಸಣ್ಣ ಉಪಕಾರವಲ್ಲ. 2003ರಲ್ಲಿ ಅವರೇ ತಂದ ವಿಮೋಷನ್ ಅಂತೂ, ಹೀಗೆ ಇಳಿಸಿದ ವರ್ಚುವಲ್ ಯಂತ್ರವನ್ನು ಓಡುತ್ತಿರುವಾಗಲೇ ನಿಲ್ಲಿಸದೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಿಬಿಡುತ್ತಿತ್ತು. ಇಷ್ಟು ವರ್ಷಗಳಾದರೂ ಅದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. 2006ರಲ್ಲಿ ಅಮೆಜಾನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೆಟ್ಟಿಗೆಯೇ ಬೇಡ, ಗಂಟೆಗೆ 10 ಸೆಂಟ್ ಕೊಟ್ಟು ನಮ್ಮದನ್ನೇ ಬಳಸಿ ಎಂದಿತು. ಹೊಸದಾಗಿ ಅಂಗಡಿ ತೆರೆಯುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ಆಮೇಲೆ ಮನೆ ಕೈ ಬದಲಾಯಿತು.

ಮುಂದಿನದು ನಮ್ಮ ಮನೆಯ ಜಗಳವಲ್ಲ. ಪೇಪರಿನಲ್ಲಿ ಬಂದದ್ದನ್ನು, ಕೋರ್ಟಿಗೆ ಹೋದದ್ದನ್ನು ಮಾತ್ರ ಹೇಳುತ್ತೇನೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಸುಮಾರು 69 ಬಿಲಿಯನ್ ಡಾಲರಿಗೆ ಕೊಂಡಿತು. ಗೃಹಪ್ರವೇಶವಾಗಿ ತಿಂಗಳು ತುಂಬುವ ಮೊದಲೇ ಒಂದು ಪ್ರಕಟಣೆ ಬಂತು: ಇನ್ನು ಮೇಲೆ ಶಾಶ್ವತ ಲೈಸೆನ್ಸ್ ಮಾರುವುದಿಲ್ಲ, ಎಲ್ಲವೂ ಚಂದಾ ಲೆಕ್ಕದಲ್ಲಿ. ಒಮ್ಮೆ ದುಡ್ಡು ಕೊಟ್ಟು ಕೊಂಡು, ಬೇಕಾದರೆ ವರ್ಷ ವರ್ಷ ಸಪೋರ್ಟ್ ಮಾತ್ರ ಕಟ್ಟುತ್ತಿದ್ದವರು ಒಂದೇ ರಾತ್ರಿಯಲ್ಲಿ ಬಾಡಿಗೆದಾರರಾದರು. ಬಿಡಿ ಬಿಡಿಯಾಗಿ ಸಿಗುತ್ತಿದ್ದ ಸರಕುಗಳನ್ನು ಕೆಲವೇ ಕಟ್ಟುಗಳಾಗಿ ಕಟ್ಟಿದರು. ನಿಮಗೆ ಒಂದೇ ಸಾಕಾಗಿದ್ದರೂ ಕಟ್ಟನ್ನೇ ಕೊಳ್ಳಬೇಕು. ಲೆಕ್ಕ ಕೋರ್‌ಗೆ ಇಷ್ಟು ಎಂದು. ಪ್ರತಿ ಪ್ರೊಸೆಸರಿಗೆ ಕನಿಷ್ಠ 16 ಕೋರ್ ಎಂದು ಎಣಿಸುತ್ತಾರೆ. ನಿಮ್ಮ ಪ್ರೊಸೆಸರಿನಲ್ಲಿ 8 ಕೋರ್ ಇದೆಯೇ? ಸಂತೋಷ, 16ಕ್ಕೆ ಕಟ್ಟಿ. ಸಣ್ಣ ಕಾರ್ಖಾನೆಗಳ ಹಳೆಯ ಸರ್ವರುಗಳಲ್ಲಿ ಇರುವುದು ಬಹುತೇಕ ಇಂಥವೇ. ಎರಡು ರೂಮಿನ ಮನೆಯಲ್ಲಿ ಇದ್ದುಕೊಂಡು ನಾಲ್ಕು ರೂಮಿನ ಬಾಡಿಗೆ ಕಟ್ಟುವ ಭಾಗ್ಯ.

ದೊಡ್ಡವರಿಗೂ ಈ ಭಾಗ್ಯ ತಪ್ಪಲಿಲ್ಲ ಎಂಬುದು ನಮ್ಮ ಸಮಾಧಾನ. ಅಮೆರಿಕದ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ ಸುಮಾರು 8,600 ಸರ್ವರುಗಳ ಮೇಲೆ 75,000 ವರ್ಚುವಲ್ ಯಂತ್ರಗಳು ಓಡುತ್ತಿದ್ದವು. ಅವರ ಬಳಿ ಇದ್ದದ್ದು ಶಾಶ್ವತ ಲೈಸೆನ್ಸ್. ಸಪೋರ್ಟ್ ಮುಂದುವರಿಸಲು ಕೇಳಿದರೆ ಚಂದಾ ಕೊಳ್ಳಿ ಎಂಬ ಉತ್ತರ ಬಂತೆಂದು 2024ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಹೋದರು. ಹೊಸ ದರ ಶೇಕಡ 1,050ರಷ್ಟು ಏರಿಕೆ ಎಂಬುದು ಅವರ ಲೆಕ್ಕ. ಬ್ರಾಡ್‌ಕಾಮ್ ಆರೋಪಗಳನ್ನು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಇಬ್ಬರೂ ರಾಜಿಯಾದರು, ಎಷ್ಟಕ್ಕೆ ಎಂದು ಹೊರಗೆ ಹೇಳಲಿಲ್ಲ. ಮರುವರ್ಷ ಬ್ರಿಟನ್ನಿನ ಟೆಸ್ಕೋ ಸೂಪರ್‌ಮಾರ್ಕೆಟ್ ಕಂಪನಿ ಕೂಡ ಇಂಥದ್ದೇ ದೂರು ಹೊತ್ತು, ಕನಿಷ್ಠ 10 ಕೋಟಿ ಪೌಂಡ್ ಪರಿಹಾರ ಕೇಳಿ ಕೋರ್ಟಿನ ಮೆಟ್ಟಿಲು ಹತ್ತಿತು. ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ಕೆಲಸವೇ ಆ ಸಾಫ್ಟ್‌ವೇರಿನ ಮೇಲೆ ನಿಂತಿದೆ ಎಂಬುದು ಅದರ ಅಳಲು. ಎಟಿ ಅಂಡ್ ಟಿಗೆ ವಕೀಲರ ಪಡೆ ಇದೆ. ಪೀಣ್ಯದಲ್ಲಿ ನಮಗೆ ಇರುವುದು ಒಬ್ಬ ಆಡಿಟರು, ಅವರೂ ಶನಿವಾರ ಮಾತ್ರ ಬರುತ್ತಾರೆ.

ವಿದ್ಯಾರ್ಥಿಗಳು, ಕಲಿಯುವ ಹುಡುಗರು ಬಳಸುತ್ತಿದ್ದ ವಿಎಂವೇರಿನ ಮೂಲ ಸಾಫ್ಟ್‌ವೇರಾದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿಯನ್ನು 2024ರ ಫೆಬ್ರವರಿಯಲ್ಲಿ ಬ್ರಾಡ್‌ಕಾಮ್‌ನವರು ನಿಲ್ಲಿಸಿದರು. 2025ರ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ಮತ್ತೆ ಕೊಟ್ಟರು. ಅಷ್ಟರಲ್ಲಿ ಹುಡುಗರು ಅದರ ಬದಲಿಗೆ ಸಿಗುವ ಪ್ರಾಕ್ಸ್‌ಮಾಕ್ಸ್ ಕಲಿತಿದ್ದರು.

ಹಾಗಾದರೆ ಖಾಲಿ ಮಾಡಿಕೊಂಡು ಹೋಗಿ ಎನ್ನುತ್ತೀರಿ. ನ್ಯಾಯ. ಲಿನಕ್ಸ್ ಒಳಗೇ 2007ರಿಂದ ಇದೇ ವಿದ್ಯೆ ಬಲ್ಲ ಕೆವಿಎಂ ಇದೆ, ಅದರ ಮೇಲೆ ಕಟ್ಟಿದ ಸರಕುಗಳೂ ಬೇಕಾದಷ್ಟಿವೆ. ಡಿಸ್ಕ್ ಫೈಲಿನ ರೂಪ ಬದಲಿಸಿದರೆ ಆಯಿತು, ಒಂದು ಭಾನುವಾರದ ಕೆಲಸ ಎಂದು ಕೊಟೇಶನ್ ತಂದವರು ಹೇಳುತ್ತಾರೆ. ಅವರು ಭಾನುವಾರ ಬರುವುದಿಲ್ಲ. ಬಂದು ನೋಡಿದರೆ ತಾನೇ ಗೊತ್ತಾಗುವುದು: ಯಂತ್ರ ಹೊಸ ಜಾಗದಲ್ಲಿ ಏಳುತ್ತದೆ, ಆದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಬದಲಾಗಿರುತ್ತದೆ. ಡಿಸೈನ್ ವಿಭಾಗದ ಸಾಫ್ಟ್‌ವೇರ್ ಆ ಗುರುತಿಗೇ ಲೈಸೆನ್ಸ್ ಕಟ್ಟಿಕೊಂಡಿರುತ್ತದೆ, ಅದು ಬಾಗಿಲು ತೆರೆಯುವುದಿಲ್ಲ. ಲಾರಿ ತೂಗುವ ವೇಬ್ರಿಡ್ಜಿನ ಸಾಫ್ಟ್‌ವೇರಿಗೆ ಯುಎಸ್‌ಬಿ ಡಾಂಗಲ್ ಬೇಕು. ಅದನ್ನು ವರ್ಚುವಲ್ ಯಂತ್ರಕ್ಕೆ ಹೇಗೋ ತೋರಿಸಿಟ್ಟ ಇಂಜಿನಿಯರು ಈಗ ಕೆನಡಾದಲ್ಲಿದ್ದಾನೆ. ಬ್ಯಾಕಪ್ ಸಾಫ್ಟ್‌ವೇರ್ ಹೊಸ ಮನೆಯ ಭಾಷೆ ಅರಿಯದು. ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲ ಶಿಫ್ಟ್. ತಮ್ಮ ನಿಜವಾದ ಬೀಗ ಲೈಸೆನ್ಸಿನಲ್ಲಿ ಇಲ್ಲ, ಆ ಆರು ಗಂಟೆಯಲ್ಲಿದೆ.

ಕ್ಲೌಡ್ ಓನರುಗಳು ಇನ್ನೂ ಜಾಣರು. ಸಾಮಾನು ಒಳಗೆ ತರಲು ಲಾರಿ ಬಾಡಿಗೆ ಕೇಳುವುದಿಲ್ಲ. ಡೇಟಾ ಒಳಗೆ ಹಾಕುವುದು ಉಚಿತ, ಹೊರಗೆ ತೆಗೆಯುವುದಕ್ಕೆ ಜಿಬಿಗೆ ಇಷ್ಟು. ಯುರೋಪ್ ಒಕ್ಕೂಟ ಇದನ್ನು ನೋಡಿ ಕಾಯ್ದೆಯನ್ನೇ ಮಾಡಿತು. 2027ರ ಜನವರಿಯಿಂದ ಅಲ್ಲಿ ಓನರು ಬದಲಿಸುವವರಿಂದ ಈ ಶುಲ್ಕ ಕೇಳುವಂತಿಲ್ಲ. ಕಾಯ್ದೆಯ ಗಾಳಿ ಬೀಸುತ್ತಿದ್ದಂತೆಯೇ 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ, ಪೂರ್ತಿ ಬಿಟ್ಟು ಹೋಗುವವರಿಗೆ ಶುಲ್ಕ ಮನ್ನಾ ಎಂದು ಘೋಷಿಸಿದರು. ಪೂರ್ತಿ ಬಿಟ್ಟು ಹೋಗುವವರಿಗೆ ಮಾತ್ರ ಎಂಬುದನ್ನು ಗಮನಿಸಿ. ಅರ್ಧ ಸಾಮಾನು ಇಲ್ಲಿ, ಅರ್ಧ ಅಲ್ಲಿ ಇಟ್ಟುಕೊಂಡು ದಿನವೂ ಓಡಾಡುವವರಿಗೆ ಮೀಟರ್ ಓಡುತ್ತಲೇ ಇರುತ್ತದೆ. ಮನೆ ನಂಬರಿಗೂ ಬಾಡಿಗೆ ವಿಧಿಸಿದ ಕೀರ್ತಿಯೂ ತಮ್ಮದೇ. 2024ರ ಫೆಬ್ರವರಿಯಿಂದ ಅಮೆಜಾನ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ಎಣಿಸುತ್ತಿದೆ. ಬೆಂಗಳೂರಿನ ಓನರುಗಳಿಗೆ ಇದು ಇನ್ನೂ ಹೊಳೆದಿಲ್ಲ, ದಯವಿಟ್ಟು ಯಾರೂ ಹೇಳಬೇಡಿ.

ಬಳಸಿದಷ್ಟಕ್ಕೆ ಮಾತ್ರ ದುಡ್ಡು ಎಂಬ ಮಾತು ನಮ್ಮ ಎಂಡಿ ಸಾಹೇಬರಿಗೆ ಬಹಳ ಹಿಡಿಸಿತ್ತು. ಸ್ವಂತ ಸರ್ವರ್ ಕೊಂಡರೆ ಒಮ್ಮೆಗೇ ದೊಡ್ಡ ಮೊತ್ತ, ಆಮೇಲೆ ಸವಕಳಿಯ ಲೆಕ್ಕ. ಇದರಲ್ಲಿ ತಿಂಗಳಿಗಿಷ್ಟು, ಖರ್ಚಿನ ಬಾಬತ್ತಿಗೆ ನೇರವಾಗಿ ಹೋಗುತ್ತದೆ. ಆದರೆ ತಿಂಗಳಿಗೆ ಎಷ್ಟು ಎಂದು ಯಾರೂ ಮೊದಲೇ ಹೇಳಲಾರರು. ದರಪಟ್ಟಿ ಡಾಲರಿನಲ್ಲಿದೆ, ರೂಪಾಯಿ ಕುಸಿದ ತಿಂಗಳು ಒಂದು ಬೈಟ್ ಹೆಚ್ಚು ಬಳಸದೆಯೂ ಬಿಲ್ ಏರುತ್ತದೆ. ಮೇಲೆ ಶೇಕಡ 18 ಜಿಎಸ್‌ಟಿ. ಇನ್ನು 'ಬಳಸಿದಷ್ಟು' ಎಂದರೆ ಆನ್ ಮಾಡಿಟ್ಟಷ್ಟು ಎಂದು ಅರ್ಥ, ಕೆಲಸ ಮಾಡಿಸಿದಷ್ಟು ಎಂದಲ್ಲ. ಈ ಏರಿಯಾದ ಯಾವ ಆಫೀಸಿಗೆ ಬೇಕಾದರೂ ಹೋಗಿ ಕ್ಲೌಡ್ ಪಟ್ಟಿ ತೆರೆಸಿ. 'ಟೆಸ್ಟ್2_ನ್ಯೂ_ಫೈನಲ್' ಎಂಬ ಹೆಸರಿನ ಯಂತ್ರವೊಂದು ಶನಿವಾರ ಭಾನುವಾರವೂ ಬಿಡದೆ ಓಡುತ್ತಿರುತ್ತದೆ. ಯಾರು ಹುಟ್ಟಿಸಿದರು? ರಿಸೈನ್ ಮಾಡಿ ಹೋದವರು. ಆರಿಸೋಣವೇ? ಬೇಡ ಸಾರ್, ಸಂಬಳದ ಲೆಕ್ಕ ಅದರಲ್ಲೇ ಇದ್ದರೆ? ಹೀಗೆ ಅದು ಇನ್ನೊಂದು ವರ್ಷ ಬದುಕುತ್ತದೆ. ಪೆಟ್ಟಿಗೆ ಕೊಳ್ಳುವ ಕಾಲದಲ್ಲಿ ಒಂದು ಸರ್ವರ್ ಬೇಕೆಂದರೆ ಮೂವರ ಸಹಿ ಬೇಕಿತ್ತು. ಈಗ ಎರಡು ಕ್ಲಿಕ್ ಸಾಕು. ಅಳಿಸುವುದಕ್ಕೆ ಮಾತ್ರ ಇವತ್ತಿಗೂ ಯಾರೂ ಸಹಿ ಹಾಕುವುದಿಲ್ಲ. ಇದು ಓನರುಗಳ ತಪ್ಪು ಎಂದರೆ ದೇವರು ಮೆಚ್ಚುವುದಿಲ್ಲ. ಆದರೂ ಪ್ರತಿ ತಿಂಗಳು ಮೊದಲ ತಾರೀಕು ಅದರ ಫಲ ಸೇರುವುದು ತಮ್ಮ ಖಾತೆಗೇ.

ಇನ್ನು ತಮ್ಮ ಭರವಸೆಯ ವಿಷಯ. ಶೇಕಡ 99.99 ಲಭ್ಯತೆ ಎಂಬ ಅಂಕಿಯನ್ನು ತೋರಿಸಿದಾಗ ನಮ್ಮ ಬೋರ್ಡ್ ರೂಮಿನಲ್ಲಿ ಚಪ್ಪಾಳೆ ಬಿದ್ದಿತ್ತು. ಅಮೆಜಾನಿನ ಪ್ರಕಟಿತ ಕರಾರನ್ನೇ ಉದಾಹರಣೆಗೆ ತೆಗೆದುಕೊಂಡರೆ, ತಿಂಗಳಲ್ಲಿ ಲಭ್ಯತೆ 99.99ಕ್ಕಿಂತ ಇಳಿದು 99ರ ಮೇಲೆ ಇದ್ದರೆ ಆ ಸೇವೆಯ ಬಿಲ್ಲಿನಲ್ಲಿ ಶೇಕಡ 10 ವಾಪಸ್. ಮೂವತ್ತು ದಿನದ ತಿಂಗಳಲ್ಲಿ ಶೇಕಡ 1 ಎಂದರೆ 7 ಗಂಟೆ 12 ನಿಮಿಷ. ಹೆಚ್ಚುಕಡಿಮೆ ಒಂದು ಶಿಫ್ಟ್ ಕೈಕಟ್ಟಿ ಕೂತರೂ ಬಾಡಿಗೆಯ ಹತ್ತನೇ ಒಂದು ಭಾಗ. ಅದೂ ದುಡ್ಡಾಗಿ ಅಲ್ಲ, ಮುಂದಿನ ಬಾಡಿಗೆಗೆ ವಜಾ. ಅದೂ ನಾವೇ ಅರ್ಜಿ ಹಾಕಿ, ದಾಖಲೆ ಲಗತ್ತಿಸಿ ಕೇಳಿದರೆ. ಲಾರಿ ಗೇಟಿನಲ್ಲಿ ನಿಂತದ್ದು, ಗಿರಾಕಿ ದಂಡ ಹಾಕಿದ್ದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ನಮ್ಮಲ್ಲಿ ಇ-ಇನ್‌ವಾಯ್ಸ್, ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವಂತಿಲ್ಲ. ಅವು ಹುಟ್ಟುವುದು ಇಆರ್‌ಪಿಯಿಂದ, ಇಆರ್‌ಪಿ ಇರುವುದು ತಮ್ಮ ಮನೆಯಲ್ಲಿ.

2017ರ ಫೆಬ್ರವರಿ 28ರಂದು ಅಮೆಜಾನಿನ ಇಂಜಿನಿಯರೊಬ್ಬರು ಒಂದು ಕಮಾಂಡ್ ತಪ್ಪಾಗಿ ಟೈಪ್ ಮಾಡಿ, ಬೇಕಾದ್ದಕ್ಕಿಂತ ಹೆಚ್ಚು ಸರ್ವರುಗಳನ್ನು ಸೇವೆಯಿಂದ ತೆಗೆದುಬಿಟ್ಟರು. ಫೈಲುಗಳನ್ನು ಇಡುವ ಎಸ್3 ಸೇವೆ ಗಂಟೆಗಟ್ಟಲೆ ನಿಂತಿತು. ಸೇವೆ ನಿಂತಿದೆ ಎಂದು ತಿಳಿಸಬೇಕಾದ ಫಲಕವೂ ಎಸ್3 ಮೇಲೆಯೇ ಇದ್ದುದರಿಂದ ಅದನ್ನು ಬದಲಿಸಲಾಗಲಿಲ್ಲ, ಎಲ್ಲ ಸೌಖ್ಯವೆಂದು ತೋರಿಸುತ್ತಲೇ ಇತ್ತು. 2025ರ ಅಕ್ಟೋಬರ್ 20ರಂದು ಅದೇ ಅಮೆಜಾನಿನ ವರ್ಜೀನಿಯಾ ಡೇಟಾ ಸೆಂಟರುಗಳಲ್ಲಿ ವಿಳಾಸ ಹುಡುಕುವ ಒಂದು ದಾಖಲೆ ಖಾಲಿಯಾಗಿ, ಸ್ನ್ಯಾಪ್‌ಚಾಟ್‌ನಿಂದ ಸಿಗ್ನಲ್‌ವರೆಗೆ ಎಲ್ಲವೂ ಮುಗ್ಗರಿಸಿತು. ಇಂಟರ್ನೆಟ್ಟಿಗೆ ಕಟ್ಟಿದ ಹಾಸಿಗೆಗಳು ಬಿಸಿಯಾಗಿ ಜನ ನಿದ್ದೆಗೆಟ್ಟರಂತೆ. ನಮ್ಮಲ್ಲಿ ಚಾಪೆಯ ಮೇಲೆ ಮಲಗುವ ಪದ್ಧತಿ ಇನ್ನೂ ಇದೆ, ಆ ಮಟ್ಟಿಗೆ ನಾವು ಸುರಕ್ಷಿತರು.

2024ರ ಮೇ ತಿಂಗಳ ಘಟನೆಯನ್ನು ಮಾತ್ರ ನಗುತ್ತಾ ಹೇಳಲಾಗುವುದಿಲ್ಲ. ಯೂನಿಸೂಪರ್ ಎಂಬುದು ಆಸ್ಟ್ರೇಲಿಯಾದ ದೊಡ್ಡ ಪಿಂಚಣಿ ನಿಧಿ, ಆರು ಲಕ್ಷಕ್ಕೂ ಹೆಚ್ಚು ಸದಸ್ಯರು. ಅದರ ವ್ಯವಸ್ಥೆ ಗೂಗಲ್ ಕ್ಲೌಡ್‌ನಲ್ಲಿ, ವಿಎಂವೇರ್ ಮೇಲೆಯೇ ಓಡುವ ಖಾಸಗಿ ಕ್ಲೌಡ್‌ನಲ್ಲಿ ಇತ್ತು. ಅದನ್ನು ಕಟ್ಟುವಾಗ ಗೂಗಲ್‌ನ ಒಳಗಿನ ಒಂದು ಉಪಕರಣದಲ್ಲಿ ಯಾರೋ ಒಂದು ಜಾಗವನ್ನು ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಒಂದು ವರ್ಷದ ಅವಧಿ ಎಂದು ಯಂತ್ರ ತಾನೇ ತಿಳಿದುಕೊಂಡಿತು. ವರ್ಷ ತುಂಬಿದ ದಿನ ಅಷ್ಟನ್ನೂ ಅಳಿಸಿಹಾಕಿತು. ಬಾಡಿಗೆ ಬಾಕಿ ಇರಲಿಲ್ಲ, ನೋಟಿಸ್ ಬರಲಿಲ್ಲ, ಜಗಳ ಆಗಿರಲಿಲ್ಲ. ಸದಸ್ಯರಿಗೆ ತಮ್ಮ ಖಾತೆ ನೋಡಲು ಒಂದು ವಾರಕ್ಕೂ ಹೆಚ್ಚು ಕಾಲ ಆಗಲಿಲ್ಲ. ಯೂನಿಸೂಪರಿನ ಯಾರೋ ಒಬ್ಬ ಹಠಮಾರಿ, ಇನ್ನೊಬ್ಬ ಓನರಿನ ಬಳಿಯೂ ಬ್ಯಾಕಪ್ ಇರಲಿ ಎಂದು ಖರ್ಚು ಮಂಜೂರು ಮಾಡಿಸಿದ್ದಿರಬೇಕು. ಅದೂ ಇದ್ದುದರಿಂದ ಚೇತರಿಸಿಕೊಂಡರು. ಆ ಖರ್ಚು ಬಜೆಟ್ ಮೀಟಿಂಗಿನಲ್ಲಿ ಎಷ್ಟು ಸಲ ಕತ್ತರಿಯ ಬಾಯಿಗೆ ಸಿಕ್ಕಿರಬಹುದು ಎಂಬುದನ್ನು ನನ್ನ ಉದ್ಯೋಗದವರು ಊಹಿಸಬಲ್ಲರು.

ಸ್ವಂತ ಮನೆಯೇ ಲೇಸು ಎಂದು ನಾನು ಹೇಳುತ್ತಿಲ್ಲ. ದಕ್ಷಿಣ ಕೊರಿಯಾದ ಸರ್ಕಾರಕ್ಕೆ ದೇಜಾನ್ ನಗರದಲ್ಲಿ ಸ್ವಂತದ್ದೇ ಡೇಟಾ ಸೆಂಟರ್ ಇತ್ತು. 2025ರ ಸೆಪ್ಟೆಂಬರಿನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದು, ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಬೂದಿಯಾಯಿತು. ಬೇರೆ ಕಡೆ ಬ್ಯಾಕಪ್ ಇರಲಿಲ್ಲ. ಯಾಕೆಂದರೆ ಅಷ್ಟು ದೊಡ್ಡದನ್ನು ಬ್ಯಾಕಪ್ ಮಾಡುವುದು ಕಷ್ಟವಂತೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚಿನಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಓವಿಎಚ್ ಕಂಪನಿಯ ಕಟ್ಟಡ ಸುಟ್ಟಾಗ, ಬ್ಯಾಕಪ್‌ಗೆಂದು ಬೇರೆ ದುಡ್ಡು ಕಟ್ಟಿದ್ದ ಒಬ್ಬ ಗಿರಾಕಿಗೆ ತನ್ನ ಬ್ಯಾಕಪ್ಪೂ ಅದೇ ಕಟ್ಟಡದಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. ಕೋರ್ಟ್ ಪರಿಹಾರ ಕೊಡಿಸಿತು, ಡೇಟಾ ಕೊಡಿಸಲಿಲ್ಲ.

ಬಾಡಿಗೆ ಕಟ್ಟಿದರೂ ಬಾಗಿಲಿಗೆ ಬೀಗ ಬೀಳಬಹುದು ಎಂಬುದು ನಮ್ಮ ದೇಶಕ್ಕೆ 2025ರ ಜುಲೈನಲ್ಲಿ ಗೊತ್ತಾಯಿತು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯಾದ ರಾಸ್‌ನೆಫ್ಟ್‌ಗೆ ಶೇಕಡ 49ರಷ್ಟು ಪಾಲಿದೆ. ಯುರೋಪ್ ಒಕ್ಕೂಟ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅವರ ಮೇಲ್, ಟೀಮ್ಸ್ ಎಲ್ಲ ನಿಲ್ಲಿಸಿತು. ಲೈಸೆನ್ಸಿಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ ಎಂದು ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಅದರ ಬೆನ್ನಿಗೇ ಸೇವೆ ಮರಳಿತು. ರಾಜಕೀಯದಲ್ಲಿ ಯಾರು ಸರಿ ಎಂಬ ಚರ್ಚೆ ನನಗೆ ಬೇಡ. ಭಾರತದಲ್ಲಿ ನಡೆಯುವ ಕಾರ್ಖಾನೆಯ ಮೇಲ್ ಡಬ್ಬಿಗೆ ಬ್ರಸೆಲ್ಸ್‌ನ ತೀರ್ಮಾನ ಬೀಗ ಹಾಕಬಲ್ಲದು ಎಂಬುದು ಯಾವ ಸೇಲ್ಸ್ ಹುಡುಗನ ಸ್ಲೈಡಿನಲ್ಲೂ ಇರಲಿಲ್ಲ ಎಂಬುದಷ್ಟೇ ನನ್ನ ತಕರಾರು.

ನಮ್ಮ ಮಟ್ಟದಲ್ಲಿ ಬೀಗ ಹಾಕುವುದು ಬ್ರಸೆಲ್ಸ್ ಅಲ್ಲ, ಜೆಸಿಬಿ. ಒಳಚರಂಡಿಗೆಂದು ರಸ್ತೆ ಅಗೆದರೆ ಮೊದಲು ಕತ್ತರಿಸುವುದು ಫೈಬರ್ ಕೇಬಲ್ಲು. ಎರಡು ಕಂಪನಿಗಳ ಲೈನ್ ಇಟ್ಟುಕೊಳ್ಳಿ ಎಂದು ತಮ್ಮ ಕನ್ಸಲ್ಟೆಂಟ್ ಸಲಹೆ ಕೊಟ್ಟರು, ಇಟ್ಟುಕೊಂಡೆವು. ಎರಡೂ ಒಂದೇ ಗುಂಡಿಯಲ್ಲಿ ಹಾದುಹೋಗುತ್ತವೆ. ಮುಂಬೈಯಲ್ಲಿ ತಮ್ಮ ಸರ್ವರ್ 99.99ರಲ್ಲಿ ನೆಮ್ಮದಿಯಾಗಿ ಓಡುತ್ತಿರುತ್ತದೆ. ಇಲ್ಲಿ ಸೂಪರ್‌ವೈಸರ್ ತನ್ನ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಗೇಟಿನ ಬಳಿ ಬಿಲ್ ಹೊಡೆಯುತ್ತಿರುತ್ತಾನೆ. ಅದಕ್ಕೇ ಡಿಸ್ಪ್ಯಾಚ್‌ಗೆ ಬೇಕಾದಷ್ಟನ್ನು ಮಾತ್ರ ಮತ್ತೆ ಇಲ್ಲಿಗೇ ತಂದು, ಮಾರದೆ ಉಳಿದಿದ್ದ ಒಂದು ಹಳೆಯ ಸರ್ವರಿನಲ್ಲಿ ಓಡಿಸುತ್ತಿದ್ದೇವೆ. ಹೈಬ್ರಿಡ್ ವ್ಯವಸ್ಥೆ ಎಂದು ಕರೆದರೆ ಎಂಡಿ ಸಾಹೇಬರಿಗೂ ಇಷ್ಟವಾಗುತ್ತದೆ.

ತಮ್ಮಲ್ಲಿ ಒಂದೇ ಕೋರಿಕೆ. ಕೊಟೇಶನ್ನಿನ ಮೊದಲ ಪುಟದಲ್ಲಿ ರಿಯಾಯಿತಿಯ ಶೇಕಡಾವಾರು ಹಾಕುವ ಜಾಗದಲ್ಲಿ, ಬಿಟ್ಟು ಹೋದರೆ ನಮಗೆ ಎಷ್ಟು ತಗಲುತ್ತದೆ, ಡೇಟಾ ಯಾವ ರೂಪದಲ್ಲಿ ಕೈಗೆ ಸಿಗುತ್ತದೆ, ಎಷ್ಟು ದಿನದಲ್ಲಿ ಸಿಗುತ್ತದೆ ಎಂಬುದನ್ನು ಹಾಕಿ. ಮೂರನೆಯ ವರ್ಷದ ದರವನ್ನು ಮೊದಲ ವರ್ಷವೇ ಬರೆಯಿರಿ. ಬ್ಯಾಕಪ್ ಯಾವ ಊರಿನ ಯಾವ ಕಟ್ಟಡದಲ್ಲಿದೆ ಎಂದು ಹೇಳಿ.

ತಾವು ಇದನ್ನು ಓದುವುದಿಲ್ಲ ಎಂದು ಬಲ್ಲೆ. ಆದ್ದರಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ನಮ್ಮ ಪೀಣ್ಯದಲ್ಲಿ ಕಾರ್ಖಾನೆ ನಡೆಸುವವರಿಗೆ ಇದೇ ಮಾತು: ಕೊಟೇಶನ್ ತಂದವರನ್ನು ಕೂರಿಸಿ, ಕಾಫಿ ಕೊಡಿ, ಖಾಲಿ ಮಾಡುವ ದಿನದ ಲೆಕ್ಕವನ್ನು ಮೊದಲು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಸಹಿ ಹಾಕಬೇಡಿ.

ಇಂತಿ ತಮ್ಮ ವಿಧೇಯ ಬಾಡಿಗೆದಾರ,
ಪೀಣ್ಯ, ಬೆಂಗಳೂರು.

ವಿ.ಸೂ.: ಈ ತಿಂಗಳ ಬಾಡಿಗೆ ಕಟ್ಟಲಾಗಿದೆ. ಇನ್‌ವಾಯ್ಸ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿದೆ, ಸರಿಪಡಿಸಿ ಕಳುಹಿಸಿ.